ಉಳಿದುಹೋದ ಆರನೆಯ ಕಾರ್ಡು

ಮೊನ್ನೆ ಸೂರತ್ತಿನ ಮನೆಯಲ್ಲಿ ಹಳೆಯ ಅಟ್ಲಾಸನ್ನು ರದ್ದಿಗೆ ಹಾಕಲು ಎತ್ತಿದಾಗ ಅದರೊಳಗಿಂದ ಒಂದು ಪೋಸ್ಟ್‌ಕಾರ್ಡು ಜಾರಿ ಬಿತ್ತು. ವಿಳಾಸದ ಜಾಗದಲ್ಲಿ ದುಂಡನೆಯ ಗುಜರಾತಿ ಅಕ್ಷರ, ಇನ್ನೊಂದು ಬದಿ ಖಾಲಿ. ಮೂಲೆಯಲ್ಲಿ ಅರಿಸಿನ ಮೆತ್ತಿದ ಹೆಬ್ಬೆರಳ ಗುರುತು... ಹೋಟೆಲ್ ಮಾಮನದು.

ನಾನು ಚಿಕ್ಕವಳಿದ್ದಾಗ ನಾವು ವಡೋದರದ ಮಕರಪುರದಲ್ಲಿದ್ದೆವು. ಅಪ್ಪನದು ಬ್ಯಾಂಕ್ ಕೆಲಸ. ಉಡುಪಿ ಕಡೆಯ ಮಾಮನ ಹೋಟೆಲು ಕಾರ್ಖಾನೆಗಳ ರಸ್ತೆಯಲ್ಲಿತ್ತು. ಭಾನುವಾರ ಊಟದ ಹೊತ್ತು ಮುಗಿದ ಮೇಲೆ ಶಟರ್ ಅರ್ಧ ಎಳೆದು, ನಮ್ಮಂಥ ಏಳೆಂಟು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅವರ ಕೆಂಪು ಪೆನ್ನಿಗೆ ಕರುಣೆಯೆಂಬುದೇ ಇರಲಿಲ್ಲ. ಪಾಠ ಮುಗಿದರೆ ವಡೆ. ಗುಜರಾತಿ ಗಿರಾಕಿಗಳಿಗೆ ಬೆಲ್ಲ ಸುರಿದ ಸಾಂಬಾರು, ನಮಗೆಂದು ಊರಿನ ಹಾಗೆ ಚೂರೇ ಬೆಲ್ಲದ್ದು ಬೇರೆ ಪಾತ್ರೆಯಲ್ಲಿ. ನಮಗೋ ಸಿಹಿಯದೇ ಇಷ್ಟ. ಹೇಳಿದರೆ ಮಾಮನಿಗೆ ಬೇಜಾರಾದೀತೆಂದು ಸುಮ್ಮನೆ ತಿನ್ನುತ್ತಿದ್ದೆವು.

ನನಗೆ ಹನ್ನೆರಡಾದಾಗ ಅಪ್ಪನಿಗೆ ಸೂರತ್ತಿಗೆ ವರ್ಗವಾಯಿತು. ಹೊರಡುವ ದಿನ ಮಾಮ ಆರು ಪೋಸ್ಟ್‌ಕಾರ್ಡು ಕೈಗಿಟ್ಟರು.

"ಅಡ್ರೆಸ್ ನಾನೇ ಗುಜರಾತಿಯಲ್ಲಿ ಬರ್ದಿದ್ದೇನೆ ಮಾರಾಯ್ತಿ, ಪೋಸ್ಟ್‌ಮ್ಯಾನಿಗೆ ಕಷ್ಟ ಆಗ್ಬಾರ್ದು. ಕನ್ನಡ ಮಾತ್ರ ನಿಂದು. ತಿಂಗಳಿಗೊಂದು ಹಾಕು. ಬಿಟ್ರೆ ಮರ್ತು ಹೋಗ್ತದೆ."

ಹಾಕಿದೆ. ಪ್ರತಿ ಕಾರ್ಡೂ ಲಕೋಟೆಯೊಳಗೆ, ಮೈತುಂಬ ಕೆಂಪು ಗೆರೆ ಎಳೆಸಿಕೊಂಡು ವಾಪಸು ಬರುತ್ತಿತ್ತು. ಐದನೆಯದರಲ್ಲಿ, ಇಲ್ಲಿ ನನಗೆ ಒಬ್ಬ ಗೆಳತಿಯೂ ಇಲ್ಲ, ದಿನಾ ಅಳು ಬರುತ್ತದೆ ಎಂದು ಬರೆದಿದ್ದೆ. ಅದಕ್ಕೂ ಒಂಬತ್ತು ತಪ್ಪು ತೆಗೆದು ಕಳಿಸಿದ್ದರು. ಸಮಾಧಾನದ ಒಂದು ಮಾತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆರನೆಯದನ್ನು ಅಟ್ಲಾಸಿನೊಳಗೆ ತುರುಕಿದೆ. ಎಷ್ಟೋ ವರ್ಷ ಕನ್ನಡ ಬರೆಯುವುದನ್ನೇ ಬಿಟ್ಟೆ.

ಮದುವೆಯಾದ ಮೇಲೆ ಒಮ್ಮೆ ವಡೋದರಕ್ಕೆ ಹೋದಾಗ ಹೋಟೆಲು ಹುಡುಕಿಕೊಂಡು ಹೋದೆ. ಗಲ್ಲಾದಲ್ಲಿ ಮಾಮನ ಮಗ ಕೂತಿದ್ದರು. ಮಾಮ ತೀರಿಹೋಗಿ ಎರಡು ವರ್ಷವಾಗಿತ್ತು. ನಾನು ಯಾರೆಂದು ಹೇಳಿದೊಡನೆ ಮಗ ನನ್ನನ್ನೇ ನೋಡುತ್ತ, "ಸೂರತ್ತಿನ ಹುಡುಗಿ ನೀವೆಯಾ?" ಎಂದರು. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಮಾಮ ಜೇಬಿನಲ್ಲಿ ಕೆಂಪು ಪೆನ್ನಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ, ಇನ್ನೂ ಒಂದು ಕಾರ್ಡು ಬರಬೇಕು ಎನ್ನುತ್ತಿದ್ದರಂತೆ. ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ, ತಿದ್ದುವುದೊಂದೇ ಬರುತ್ತಿತ್ತು. ಅಷ್ಟು ಅರ್ಥವಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ನಿನ್ನೆ ಆರನೆಯ ಕಾರ್ಡು ಬರೆದೆ. ನಾಲ್ಕೇ ಸಾಲು. ಒಂದೆರಡು ಕಡೆ ಅನುಮಾನ ಬಂತು. ಪಕ್ಕದಲ್ಲೇ ಮಗಳು ಕೂತಿದ್ದಳು. ಅವಳಿಗೆ ಕನ್ನಡ ಓದಲು ಬಾರದು, ನಾನು ಕಲಿಸಲಿಲ್ಲ. "ಯಾರಿಗೆ ಮಮ್ಮಿ?" ಎಂದಳು. ತಪ್ಪು ತಿದ್ದುವವರಿಗೆ ಎಂದೆ, ಮತ್ತೆ ಕಾರ್ಡನ್ನು ಅಟ್ಲಾಸಿನೊಳಗೇ ಇಟ್ಟೆ.