ಅಪ್ಪ ಟಿವಿಯಲ್ಲಿ ಬಸ್ಸು ಓಡಿಸಿದ್ದು

ಎಂಬತ್ತರ ದಶಕದ ನಡುವಿನಲ್ಲಿ ದುಬೈಯಿಂದ ರಜೆಗೆ ಬಂದ ಅಣ್ಣ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ತಂದಿದ್ದ. ನಮ್ಮ ಕಪ್ಪು ಬಿಳುಪು ಟಿವಿಯಲ್ಲಿ ಎರಡು ಬಿಳಿ ಗೆರೆ ಮೂಡುತ್ತಿದ್ದವು. ಅದು ರಸ್ತೆ. ನಡುವೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಚೌಕ. ಅದು ಕಾರು. ನಾನಾಗ ಶಾಲೆಯೊಂದರಲ್ಲಿ ಟೀಚರ್. ಪುಟ್ಟ ಮಗಳೊಂದಿಗೆ ಅಪ್ಪನ ಮನೆಯಲ್ಲೇ ಇದ್ದೆ. ಈ ಆಟದಲ್ಲಿ ನೋಡುವುದಕ್ಕೆ ಏನಿದೆಯೆಂದೇ ನನಗೆ ತಿಳಿಯಲಿಲ್ಲ.

ಅಪ್ಪ ಮಂಗಳೂರು–ಉಡುಪಿ ಬಸ್ಸಿನ ಡ್ರೈವರ್ ಆಗಿದ್ದವರು. ಸೊಂಟನೋವು ಹೆಚ್ಚಾಗಿ ಕೆಲಸ ಬಿಟ್ಟಿದ್ದರು. ಅಣ್ಣನ ಒತ್ತಾಯಕ್ಕೆ ಆಟದ ಹಿಡಿಕೆ ಹಿಡಿದರು. ಚೌಕ ಎಡಕ್ಕೂ ಬಲಕ್ಕೂ ಗುದ್ದಿ ಮೂರು ಸಲ ಆಟ ಮುಗಿಯಿತು.

"ಶಬ್ದ ಯಾಕೆ ಸಣ್ಣ ಇಟ್ಟಿದ್ದೀ? ಇಂಜಿನ್ ಕೇಳದೆ ಗಾಡಿ ಬಿಡುವುದು ಹೇಗೆ?" ಎಂದರು.

ಅಣ್ಣ ಜೋರು ಮಾಡಿದ. ದುಂಬಿ ಗುಂಯ್‌ಗುಟ್ಟಿದಂಥ ಸದ್ದು, ಅಷ್ಟೆ. ಆದರೆ ಅಪ್ಪನ ಬೆನ್ನು ನೆಟ್ಟಗಾಯಿತು. ತಿರುವಿನಲ್ಲಿ ಮೈ ವಾಲಿತು, ಎಡಗಾಲು ಕ್ಲಚ್ ತುಳಿದಂತೆ ಬರಿಯ ನೆಲವನ್ನು ಒತ್ತಿತು. ಬೇರೆ ಕಾರುಗಳು ಒಂದೊಂದಾಗಿ ಹಿಂದೆ ಬಿದ್ದವು. ರಸ್ತೆ ಕಿರಿದಾಗುವಲ್ಲಿ ಅವರು ನಿಲ್ಲಿಸಿಬಿಟ್ಟರು.

"ಎಂತ ಆಯ್ತು?" ಅಣ್ಣ ಕೇಳಿದ.

"ಸೇತುವೆ. ಎದುರಿನಿಂದ ಒಂದು ಬರ್ತಾ ಉಂಟು. ಅದು ಹೋಗಲಿ."

"ಅಪ್ಪ, ಇದು ಕೂಳೂರು ಸೇತುವೆ ಅಲ್ಲ. ನಿಂತರೆ ಟೈಮ್ ಮುಗಿತದೆ."

"ಮುಗಿಯಲಿ. ಹಿಂದೆ ಸೀಟಿನಲ್ಲಿ ಜನ ಇಲ್ವಾ?"

ಆಟ ಮುಗಿಯಿತು. ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಅಪ್ಪ ತಮಾಷೆ ಮಾಡಿದರೇ, ಅಥವಾ ಅವರಿಗೆ ಏನಾದರೂ ಆಗಿದೆಯೇ?

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ನಾನೇ ಕೂತೆ. ಶಬ್ದ ಜೋರು ಮಾಡಿದೆ. ಗೆರೆಗಳು ಗೆರೆಗಳಾಗಿಯೇ ಉಳಿದವು. ಆದರೂ ಚೌಕ ಇನ್ನೊಂದಕ್ಕೆ ಬಡಿಯುವ ಹೊತ್ತಿಗೆ ನನ್ನ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿತು, ಬಸ್ಸಿನಲ್ಲಿ ಬ್ರೇಕ್ ಬಿದ್ದಾಗ ಮಗಳನ್ನು ಹಿಡಿಯುವ ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಗಾಬರಿಯಾಗಿ ಟಿವಿ ಆರಿಸಿದೆ.

ಸಂಜೆ ಅಪ್ಪನನ್ನು ಕೇಳಿದೆ. "ನಿನ್ನೆ ನಿಮಗೆ ನಿಜವಾಗಿ ಸೇತುವೆ ಕಂಡಿತಾ?"

"ಎಲ್ಲಿಯ ಸೇತುವೆ ಮಾರಾಯ್ತಿ? ಎರಡು ಗೆರೆ ಅಲ್ವಾ ಅದು."

"ಮತ್ತೆ ಎಂತಕ್ಕೆ ನಿಲ್ಲಿಸಿದ್ದು?"

ಅವರು ತಮ್ಮ ಎಡಗಾಲನ್ನು ನೋಡಿಕೊಂಡರು. "ನಿಲ್ಲಿಸಿದೆ. ಯಾಕೆ ಅಂತ ಗೊತ್ತಿಲ್ಲ," ಎಂದರು. ನನ್ನಷ್ಟೇ ಅವರೂ ಗಲಿಬಿಲಿಗೊಂಡಿದ್ದರು.

ಅಣ್ಣ ಹಿಂತಿರುಗುವಾಗ ಪೆಟ್ಟಿಗೆಯನ್ನು ಬಿಟ್ಟುಹೋದ. ಅಪ್ಪ ದಿನವೂ ಬೆಳಿಗ್ಗೆ ಚಾ ಕುಡಿದು ಒಂದು ಟ್ರಿಪ್ ಓಡಿಸುತ್ತಿದ್ದರು. ಕಿರಿದಾದಲ್ಲೆಲ್ಲ ನಿಲ್ಲಿಸಿ, ಪ್ರತಿ ಸಲ ಸೋತು, ಸಮಾಧಾನದಿಂದ ಏಳುತ್ತಿದ್ದರು. ಅವರಿಗೆ ಗೆಲ್ಲಬೇಕೆಂದು ಇತ್ತೋ ಇಲ್ಲವೋ, ಅದೂ ನನಗೆ ಗೊತ್ತಾಗಲಿಲ್ಲ.