ಅದೇ ನಲವತ್ತು ಸಂಖ್ಯೆಗಳು

ಇದನ್ನು ಬರೆಯಲು ಎಂಟು ವರ್ಷ ತಡಮಾಡಿದ್ದೇನೆ. ಕಾರಣ ಮರೆವಲ್ಲ.

ಆಗ ನಾನು ಕುಂದಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದೆ. ಓದಿದ್ದು ಹೈಸ್ಕೂಲು. ಮೊದಲು ಹಂಚಿನ ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದವನು. ಎರಡು ಪುಸ್ತಕ ಇಟ್ಟುಕೊಂಡು ತಾಳೆ ನೋಡುವುದು ಕೈಗೆ ಹತ್ತಿದ ಕೆಲಸ.

ನಾವು ತಯಾರಿಸುತ್ತಿದ್ದದ್ದು ಒಂದು ಲೈಬ್ರರಿ, ಎಂದರೆ ಬೇರೆ ಪ್ರೋಗ್ರಾಮ್‌ಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಕೋಡ್. ನೂರಾರು ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಅದು ಹೇಳಬೇಕು. ಗುಟ್ಟಿನ ಮಾಹಿತಿಗೆ ಹಾಕುವ ಬೀಗಕ್ಕೆ ಅಂಥ ಸಂಖ್ಯೆ ಬೇಕು. ಅಷ್ಟು ದೊಡ್ಡದನ್ನು ಭಾಗಿಸುತ್ತ ಕುಳಿತರೆ ಆಯುಷ್ಯ ಸಾಲದು. ಹಾಗಾಗಿ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಯಾವುದೋ ಸಂಖ್ಯೆ ಆರಿಸಿ ಒಂದು ಲೆಕ್ಕ ಮಾಡುತ್ತದೆ. ಅವಿಭಾಜ್ಯವಲ್ಲದ್ದು ನಾಲ್ಕರಲ್ಲಿ ಮೂರು ಸಲವಾದರೂ ಸಿಕ್ಕಿಬೀಳುತ್ತದೆ. ಹೀಗೆ ನಲವತ್ತು ಸಲ, ಪ್ರತಿ ಸಲ ಹೊಸ ಚೀಟಿ. ಆಮೇಲೆ ಉಳಿಯುವ ಸಂಶಯ ಇಲ್ಲವೆನ್ನುವಷ್ಟು ಕಡಿಮೆ.

ಅದನ್ನು ಬರೆದವಳು ವಂಡ್ಸೆಯ ಹುಡುಗಿ, ಗಣಿತದಲ್ಲಿ ಬಿ.ಎಸ್ಸಿ. ನನ್ನ ತೊಂದರೆ ಬೇರೆ. ನಿನ್ನೆ ಮೊದಲ ಸುತ್ತಿನಲ್ಲಿ ಸಿಕ್ಕಿಬಿದ್ದ ಸಂಖ್ಯೆ ಇವತ್ತು ಎರಡನೆಯದರಲ್ಲಿ ಸಿಕ್ಕಿಬೀಳುತ್ತಿತ್ತು. ದಿನದಿನದ ಫಲಿತಾಂಶ ಬರೆದಿಡುವ ನನ್ನ ಪುಸ್ತಕದ ಪುಟಗಳು ತಾಳೆಯಾಗುತ್ತಿರಲಿಲ್ಲ.

"ಇದೆಂತ ಹಂಚಾ ಶೀನಣ್ಣ, ದಿನಾ ಒಂದೇ ಅಚ್ಚಲ್ಲಿ ಬಪ್ಕೆ?" ಎಂದು ನಕ್ಕಳು.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಅವಳ ಕಂಪ್ಯೂಟರಿನಲ್ಲೇ ಒಂದು ಸಾಲು ಬದಲಿಸಿದೆ. ಪರೀಕ್ಷೆಗಷ್ಟೇ ಎಂದು ಅವಳೇ ಹಿಂದೊಮ್ಮೆ ತೋರಿಸಿಕೊಟ್ಟಿದ್ದ ಸಾಲು. ಅಂದಿನಿಂದ ಪ್ರತಿ ಸಲವೂ ಅದೇ ನಲವತ್ತು ಸಂಖ್ಯೆಗಳು, ಅದೇ ಕ್ರಮ. ಪುಟಗಳು ತಾಳೆಯಾದವು. ಸಾಲನ್ನು ಮೊದಲಿನಂತೆ ಮಾಡಲು ಮರೆತೆ. ಲೈಬ್ರರಿ ಹಾಗೆಯೇ ಗ್ರಾಹಕರಿಗೆ ಹೋಯಿತು.

ಎರಡು ತಿಂಗಳ ಮೇಲೆ ಅವರ ಪರೀಕ್ಷಕರು ಒಂದು ಸಂಖ್ಯೆ ಕಳಿಸಿದರು. ಆ ನಲವತ್ತನ್ನು ತಿಳಿದುಕೊಂಡು, ನಲವತ್ತರ ಕಣ್ಣೂ ತಪ್ಪಿಸುವಂತೆ ಗುಣಿಸಿ ಕಟ್ಟಿದ, ಅವಿಭಾಜ್ಯವಲ್ಲದ ಸಂಖ್ಯೆ. ಎಷ್ಟು ಸಲ ಕೇಳಿದರೂ ನಮ್ಮ ಲೈಬ್ರರಿ ಅದನ್ನು ಅವಿಭಾಜ್ಯ ಎಂದಿತು. ಒಪ್ಪಂದ ಮುರಿಯಿತು.

ಯಾವ ಕಂಪ್ಯೂಟರಿನಿಂದ ಯಾವ ಸಾಲು ಬದಲಾಯಿತೆಂಬ ದಾಖಲೆಯಲ್ಲಿ ಆ ಸಾಲಿನ ಎದುರು ಅವಳ ಹೆಸರಿತ್ತು.

"ನಾ ಮಾಡಿದ್ದಲ್ಲ ಇದ್. ಶೀನಣ್ಣನ್ ಕೇಣಿ," ಎಂದಳು.

ಯಜಮಾನರು ನನ್ನತ್ತ ತಿರುಗಿದರು. "ಹ್ವಾಯ್ ಶೀನಣ್ಣ, ನೀವ್ ಮುಟ್ಟಿದ್ರ್ಯಾ?"

"ಇಲ್ಲೆ."

"ನೆನಪ್ ಮಾಡಿ ಹೇಳಿ."

"ಇಲ್ಲೆ ಅಂದ್ನಲೆ."

ಮೂರನೆಯ ಸಲವೂ ಕೇಳಿದರು. ಅದೇ ಉತ್ತರ ಕೊಟ್ಟೆ. ಅವಳು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ನನಗೆ ಏನೂ ಅನ್ನಿಸಲಿಲ್ಲ. ಆ ದಿನದ ಪುಟ ತುಂಬಿಸಿದೆ.

ಆಮೇಲೆ ಈ ಕೆಲಸ ಅವಳಿಗೆ ಎಲ್ಲೂ ಸಿಗಲಿಲ್ಲ. ಹೋದ ವರ್ಷ ಬೈಂದೂರಿನ ಜವಳಿ ಅಂಗಡಿಯೊಂದರಲ್ಲಿ ಪಂಚೆ ತೋರಿಸಿದವಳು ಅವಳೇ. "ಹುಷಾರಿದ್ರ್ಯಾ ಶೀನಣ್ಣ?" ಎಂದಳು. ಹೂಂ ಎಂದೆ. ಪಂಚೆ ಕಟ್ಟಿಸಿಕೊಂಡು ಬಂದೆ.

ಒಂದೇ ಕಡೆ ಎಷ್ಟು ಸಲ ಕೇಳಿದರೂ ಒಂದು ಸಲ ಕೇಳಿದಷ್ಟೇ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಯಜಮಾನರು ನನ್ನನ್ನು ಬಿಟ್ಟು ನನ್ನ ಪುಸ್ತಕವನ್ನು ನೋಡಿದ್ದರೆ ಸಾಕಿತ್ತು. ಯಾವ ಮಧ್ಯಾಹ್ನದಿಂದ ಪುಟಗಳು ತಾಳೆಯಾದವೆಂದು ಅದರಲ್ಲೇ ಇದೆ, ನನ್ನ ಕೈಬರಹದಲ್ಲಿ. ಅದು ಈಗಲೂ ನನ್ನ ಬಳಿ ಇದೆ.

ಅವಳ ಹೆಸರು ಜಲಜಾಕ್ಷಿ.