ಬಾನಿಗೆ ಬಂದ ಕಾವೇರಿ

ಚಕ್ರಪಾಣಿಯವರಿಗೆ ಎಲ್ಲಿಗೆ ಹೋದರೂ ತಡವಾಗಿ ಹೋಗುವ ಅಭ್ಯಾಸ. ಅವರ ಕಾರ್ಖಾನೆಯ ವಿಲಾಯಿತಿ ಇಂಜಿನಿಯರು ಊರು ಬಿಡುವಾಗ ಬಂಗಲೆಯ ಸಾಮಾನನ್ನೆಲ್ಲ ಹರಾಜಿಗಿಟ್ಟ. ಮೊದಲು ಹೋದವರು ಫ್ಯಾನು, ಬೀರು, ಬೆತ್ತದ ಕುರ್ಚಿಗಳನ್ನು ಹೊತ್ತುಕೊಂಡು ಹೋದರು. ಗುಮಾಸ್ತ ಚಕ್ರಪಾಣಿಯವರು ತಲುಪುವ ಹೊತ್ತಿಗೆ ಉಳಿದದ್ದು ಒಂದು ಬಾತ್‌ಟಬ್ಬು. ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆಂದು ಅದನ್ನೇ ಎತ್ತಿನಗಾಡಿಗೆ ಹೇರಿಸಿ ರಾಜಾಜಿನಗರಕ್ಕೆ ತಂದರು.

ಗಾಡಿಯ ಹಿಂದೆ ಬೀದಿಗೆ ಬೀದಿಯೇ ಬಂತು. ಎರಕದ ಕಬ್ಬಿಣಕ್ಕೆ ಬಿಳಿ ಎನಾಮಲ್, ನಾಲ್ಕು ಗಿಡ್ಡ ಕಾಲು, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ. ಎದುರು ಮನೆಯ ಬೋರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು, ಎಮ್ಮೆ ಬರುವುದು ಯಾವಾಗ ಎಂದು ವಿಚಾರಿಸಿದಳು. ಚಕ್ರಪಾಣಿಯವರ ತಾಯಿ ಕಲ್ಯಾಣಮ್ಮನವರ ಕಣ್ಣಿಗೂ ಅದು ಕಲಗಚ್ಚಿನ ಬಾನಿಯ ಹಾಗೆಯೇ ಕಂಡಿತು. ಅಂದಿನಿಂದ ಆ ಮನೆಯಲ್ಲಿ ಅದರ ಹೆಸರು ಬಾನಿ ಎಂದೇ ಆಯಿತು. ಬಚ್ಚಲುಮನೆಯ ಬಾಗಿಲ ಚೌಕಟ್ಟು ಕಿತ್ತು ಒಳಗೆ ತಳ್ಳಿ, ಹಂಡೆಯ ಪಕ್ಕದಲ್ಲಿ ಕೂರಿಸಿದರು. ಯಾರೂ ನಗದೆ ಇರಲಿಲ್ಲ, ಚಕ್ರಪಾಣಿಯವರ ಹೆಂಡತಿ ಕೋಕಿಲಾ ಒಬ್ಬಳನ್ನು ಬಿಟ್ಟು.

ಕೋಕಿಲಾ ತಿರುಮಕೂಡಲಿನವಳು. ಕಾವೇರಿಯೂ ಕಪಿಲೆಯೂ ಕೂಡುವ ಊರು ಅದು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತು, ಮೈ ನೆರೆಯುವವರೆಗೂ ಹೊಳೆಯಲ್ಲೇ ಬೆಳೆದವಳು. ಬೆಂಗಳೂರಿಗೆ ಮದುವೆಯಾಗಿ ಬಂದ ಮೇಲೆ ಚೊಂಬಿನ ಸ್ನಾನ. ಬೆಳಗಿನ ಹೊತ್ತು ನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಲೆಯ ಮೇಲೆ ಸುರಿದುಕೊಂಡ ನೀರು ಮೈಯನ್ನು ಸರಿಯಾಗಿ ಮುಟ್ಟುವ ಮೊದಲೇ ಮೋರಿ ಸೇರುತ್ತಿತ್ತು. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದರು. ಅಣ್ಣ ಮನೆ ಮಾರಿ ಮೈಸೂರು ಸೇರಿದ. ತವರೆಂದು ಅವಳಿಗೆ ಉಳಿದದ್ದು ಆ ಹೊಳೆಯೊಂದೇ. ಹೊಳೆಯನ್ನು ನೋಡಿಕೊಂಡು ಬರುತ್ತೇನೆ ಎಂದು ಯಾವ ಸೊಸೆ ತಾನೇ ಬಾಯಿಬಿಟ್ಟು ಕೇಳಿಯಾಳು?

ಬಾನಿಯನ್ನು ಕಂಡ ದಿನವೇ ಅವಳ ಮನಸ್ಸಿನಲ್ಲಿ ಆಸೆಯೊಂದು ಬಂದು ಕೂತಿತು. ಒಂದೇ ಒಂದು ಸಲ ಕತ್ತಿನವರೆಗೆ ನೀರಿನಲ್ಲಿ ಮುಳುಗಬೇಕು. ಮೈಯ ಭಾರವನ್ನೆಲ್ಲ ನೀರಿಗೆ ಬಿಟ್ಟು ಕಣ್ಣು ಮುಚ್ಚಬೇಕು. ಚಿನ್ನ ಕೇಳಲಿಲ್ಲ, ರೇಷ್ಮೆ ಸೀರೆ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಅದೇ ಸುಲಭವಾಗುತ್ತಿತ್ತು.

ಏಕೆಂದರೆ ಬಾನಿ ಸೋರುತ್ತಿತ್ತು. ಬೆಳಗ್ಗೆ ತುಂಬಿಸಿದ ನೀರು ಮಧ್ಯಾಹ್ನದ ಊಟದ ಹೊತ್ತಿಗೆ ಮಾಯ. ತಳದ ಹಿತ್ತಾಳೆ ಕಿಂಡಿಗೆ ಚಕ್ರಪಾಣಿಯವರು ಹಳೆಯ ಪಂಚೆ ತುರುಕಿದರು. ಕಲ್ಯಾಣಮ್ಮನವರು ಅರಗು ಕರಗಿಸಿ ಹುಯ್ದರು, ಸಾಲದೆಂದು ಮೇಲೆ ರಾಗಿಹಿಟ್ಟನ್ನೂ ಮೆತ್ತಿದರು. ನೀರು ಯಾರ ಮಾತನ್ನೂ ಕೇಳಲಿಲ್ಲ. ಕೊನೆಗೆ ಬೀದಿಗೆಲ್ಲ ನಲ್ಲಿ ಹಾಕುತ್ತಿದ್ದ ವೆಂಕಟರಮಣಪ್ಪ ಬಂದು ಬಗ್ಗಿ ನೋಡಿದ. ಒಂದು ಬಾಂಡ್ಲಿ ಸಿಮೆಂಟು ಕಲಸಿ ಕಿಂಡಿ ಮುಚ್ಚಿಬಿಟ್ಟರೆ ಜನ್ಮಕ್ಕೆ ಸೋರುವುದಿಲ್ಲ, ಚೆನ್ನಾದ ತೊಟ್ಟಿಯಾಗುತ್ತದೆ ಎಂದ. ಕಲ್ಯಾಣಮ್ಮನವರು ಆಗಲಿ ಎಂದರು. ಕೋಕಿಲಾ ಬೇಡ ಎಂದಳು. ಅತ್ತೆಯ ಎದುರು ಅವಳು ಬೇಡ ಎಂದದ್ದು ಅದೇ ಮೊದಲು, ಹಾಗಾಗಿ ಅವಳಿಗೇ ಗಾಬರಿಯಾಯಿತು. ಮುಚ್ಚಿದರೆ ನೀರು ಖಾಲಿ ಮಾಡುವುದು ಹೇಗೆ, ಪಾಚಿ ಕಟ್ಟುತ್ತದಲ್ಲ ಎಂದು ಏನೋ ಒಂದು ಸೇರಿಸಿದಳು. ಸ್ನಾನ ಮಾಡಿದ ನೀರು ಹೋಗುವುದಕ್ಕೆ ದಾರಿ ಬೇಡವೇ ಎಂಬುದು ಅವಳೊಳಗಿನ ಲೆಕ್ಕ. ಅದನ್ನು ಹೇಳುವ ಹಾಗಿರಲಿಲ್ಲ.

ತಳದ ನಟ್ಟು ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು, ಒದ್ದಾಡಿ, ಬೈದು, ವೆಂಕಟರಮಣಪ್ಪ ಅದನ್ನು ಬಿಚ್ಚಿದ. ಒಳಗಿನ ರಬ್ಬರ್ ವಾಷರ್ ಹಪ್ಪಳದಂತೆ ಪುಡಿಯಾಯಿತು. ಆ ಅಳತೆಯದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅವನು ಕೈ ಚೆಲ್ಲಿದ. ಕೋಕಿಲಾ ಲಾರಿಯ ಹಳೆಯ ಟ್ಯೂಬು ತರಿಸಿ, ಬಳೆ ಇಟ್ಟು ಗೆರೆ ಎಳೆದು, ಕತ್ತರಿಯಲ್ಲಿ ತಾನೇ ಕತ್ತರಿಸಿಕೊಟ್ಟಳು. ಅಪ್ಪ ಹೊಳೆ ದಂಡೆಯ ಪಂಪಿಗೆ ಹಾಗೆ ಕತ್ತರಿಸುತ್ತಿದ್ದದ್ದನ್ನು ಕಂಡಿದ್ದಳು. ವೆಂಕಟರಮಣಪ್ಪ ಅದನ್ನು ಕೂರಿಸಿ, ತಿರುಪಿನ ಗೆರೆಗಳಿಗೆ ಸೆಣಬಿನ ನಾರು ಸುತ್ತಿ, ಬಿಳಿ ಪೇಂಟು ಬಳಿದು ಬಿಗಿದ. ಕಿಂಡಿಯ ಬಾಯಿಗೆ ಬೆಂಡಿನ ಬಿರಡೆ ಮಾಡಿಕೊಟ್ಟ. ಮಾರನೆಯ ದಿನ ತುಂಬಿಸಿದ ನೀರು ಸಂಜೆಯಾದರೂ ಕದಲದೆ ನಿಂತಿತ್ತು.

ಆ ವರ್ಷವೇ ಬೆಂಗಳೂರಿಗೆ ಕಾವೇರಿ ನೀರು ಬಂದದ್ದು. ಊರೆಲ್ಲ ಅದೇ ಮಾತು. ಕೋಕಿಲಾ ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದಳು, ಕಣ್ಣಲ್ಲಿ ನೀರು ಬಂತು. ನಮ್ಮ ಕಡೆಗೆ ಬರುತ್ತಿರುವುದು ಇನ್ನೂ ತಿಪ್ಪಗೊಂಡನಹಳ್ಳಿ ಕೆರೆಯದೇ ಇರಬೇಕು ಎಂದು ಚಕ್ರಪಾಣಿಯವರು ಗೊಣಗಿದರು. ಅವಳು ನೋಡಿದ ನೋಟಕ್ಕೆ ಪೇಪರು ತೆಗೆದು ಮುಖಕ್ಕೆ ಅಡ್ಡ ಹಿಡಿದರು.

ಇನ್ನು ಉಳಿದದ್ದು ಅತ್ತೆಯನ್ನು ಒಪ್ಪಿಸುವುದು. ಮೈ ತೊಳೆದ ಕೊಳೆಯಲ್ಲೇ ಕೂರುವುದು ಎಮ್ಮೆಯ ಜಾತಿ, ಮಡಿ ಮನೆಗೆ ಆಗದು ಎಂದು ಕಲ್ಯಾಣಮ್ಮನವರು ಮೊದಲೇ ಹೇಳಿಬಿಟ್ಟಿದ್ದರು. ಕೋಕಿಲಾ ಹೂಬತ್ತಿ ಹೊಸೆಯುತ್ತ ಕೂತಿದ್ದ ಅವರ ಬಳಿ ಹೋಗಿ, ಎಷ್ಟೋ ದಿನದಿಂದ ಜೋಡಿಸಿಕೊಂಡಿದ್ದ ಮಾತನ್ನು ಆಡಿದಳು.

"ಅತ್ತೆ, ಈಗ ಬರ್ತಿರೋದು ಬರೀ ನಲ್ಲಿ ನೀರಲ್ಲ, ಕಾವೇರಿ. ಕಾವೇರೀಲಿ ಮುಳುಗಿದ್ರೆ ದೋಷ ಇದ್ಯಾ?"

ಕಲ್ಯಾಣಮ್ಮನವರ ಕೈ ನಿಂತಿತು. ಅವರು ಚಿಂತಾಮಣಿ ಕಡೆಯ ಬರಗಾಡಿನವರು. ಬಾವಿಯ ತಳದಿಂದ ನೀರು ಸೇದಿ ಸೇದಿ ಅಂಗೈ ಜಡ್ಡುಗಟ್ಟಿದ ಹೆಂಗಸು. ಕಾವೇರಿಯನ್ನು ಕಣ್ಣಾರೆ ಕಂಡವರಲ್ಲ. ಹೊಸೆದ ಬತ್ತಿಯನ್ನು ತಟ್ಟೆಗಿಟ್ಟು, "ಅದೂ ಸರಿಯೇ ಕಣೇ," ಎಂದರು.

ಕೋಕಿಲಾ ಆ ರಾತ್ರಿ ಹುಡುಗಿಯಂತೆ ನಿದ್ದೆ ಹೋದಳು. ಬೆಳಗ್ಗೆ ನಲ್ಲಿ ಬಂದ ಕೂಡಲೇ ಕೊಡ ಕೊಡವಾಗಿ ಹೊತ್ತು ಬಾನಿಯನ್ನು ತುಂಬಿಸಿದಳು. ಗಂಡನಿಗೆ ತಿಂಡಿ ಕೊಟ್ಟು ಕಾರ್ಖಾನೆಗೆ ಕಳುಹಿಸಿ, ಉಡುವ ಹಳೆ ಸೀರೆಯನ್ನು ತೋಳಿಗೆ ಹಾಕಿಕೊಂಡು ಬಚ್ಚಲಿಗೆ ಬಂದಳು.

ಬಾನಿಯ ಅಂಚಿಗೆ ಉದ್ದಕ್ಕೂ ಅರಿಶಿನ ಕುಂಕುಮ ಹಚ್ಚಿತ್ತು. ನೀರಿನ ಮೇಲೆ ಕಣಗಿಲೆ ಹೂ ತೇಲುತ್ತಿತ್ತು. ಮುಂದೆ ತುಪ್ಪದ ದೀಪ, ಒಡೆದ ತೆಂಗಿನಕಾಯಿ. ಮಡಿಯುಟ್ಟ ಕಲ್ಯಾಣಮ್ಮನವರು ಆ ಒದ್ದೆ ನೆಲದಲ್ಲೇ ಕೈ ಮುಗಿದು ಕೂತಿದ್ದರು. ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಉದ್ಧರಣೆಯಲ್ಲಿ ತೀರ್ಥ ತೆಗೆದುಕೊಂಡಿದ್ದರು. ಕಣ್ಣು ಒದ್ದೆಯಾಗಿತ್ತು.

"ನನ್ನ ಹಣೇಲಿ ಕಾವೇರಿ ದರ್ಶನ ಬರೆದಿಲ್ಲ ಅಂದ್ಕೊಂಡಿದ್ದೆ ಕಣಮ್ಮ. ನಿನ್ನ ಕೈಗುಣ, ಮನೆ ಬಾಗ್ಲಿಗೇ ಬಂದು ನಿಂತ್ಳು. ಬಾ, ನೀನೂ ನಮಸ್ಕಾರ ಮಾಡು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಳೆಯಲ್ಲಿ ಮುಳುಗಿದರೆ ಪುಣ್ಯ, ಅದೇ ಹೊಳೆ ಮನೆಗೆ ಬಂದು ಅರಿಶಿನ ಕುಂಕುಮ ಹಚ್ಚಿಸಿಕೊಂಡರೆ ಕಾಲಿಡುವುದೇ ಪಾಪ. ಎಂಥ ನ್ಯಾಯವೋ! ವಾದಿಸಬಹುದಿತ್ತು. ಬೆಳಗಾಗೆದ್ದು ಜಗಳಕ್ಕೆ ನಿಲ್ಲುವ ಅತ್ತೆಯಾಗಿದ್ದರೆ ವಾದಿಸುತ್ತಿದ್ದಳು ಕೂಡ. ಮಗುವಿನ ಹಾಗೆ ಮುಖ ಅರಳಿಸಿಕೊಂಡು ಕೂತ ಮುದುಕಿಯೊಡನೆ ಏನು ವಾದ? ಕೋಕಿಲಾ ತೋಳಿನ ಸೀರೆಯನ್ನು ಗೂಟಕ್ಕೆ ಹಾಕಿ, ಬಗ್ಗಿ ನಮಸ್ಕಾರ ಮಾಡಿದಳು.

ಅಂದಿನಿಂದ ಬಾನಿಯ ನೀರು ಅಡುಗೆಗೂ ಪೂಜೆಗೂ ಮೀಸಲಾಯಿತು. ದಿನವೂ ಒಂದು ಹೂ ಬೀಳತೊಡಗಿತು. ಬೋರಮ್ಮ ಕೂಡ ಹಬ್ಬಕ್ಕೆಂದು ಒಂದು ಚೊಂಬು ಕೇಳಿ ಒಯ್ಯುತ್ತಿದ್ದಳು. ಚಕ್ರಪಾಣಿಯವರು ತಮ್ಮ ಹರಾಜಿನ ಜಾಣತನವನ್ನು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದರು.

ಮಧ್ಯಾಹ್ನ ಎಲ್ಲರ ಊಟವಾಗಿ ಮನೆ ತಣ್ಣಗಾದಾಗ ಕೋಕಿಲಾ ಬಚ್ಚಲಿಗೆ ಹೋಗುತ್ತಿದ್ದಳು. ಬಾನಿಯ ಪಕ್ಕ ಮಂಡಿಯೂರಿ, ಬಳೆಗಳನ್ನು ಮೇಲಕ್ಕೆ ಸರಿಸಿ, ಬಲಗೈಯನ್ನು ಭುಜದವರೆಗೆ ನೀರಿಗಿಳಿಸಿ ತಳದ ಬಿರಡೆಯನ್ನು ಮುಟ್ಟಿ ನೋಡುತ್ತಿದ್ದಳು. ರವಿಕೆಯ ತೋಳು ನೆನೆಯುತ್ತಿತ್ತು. ಕೆನ್ನೆ ತಣ್ಣನೆಯ ಅಂಚಿಗೆ ತಾಗುತ್ತಿತ್ತು. ಕೈ ಹಗುರಾಗಿ ತಾನೇ ಮೇಲೇಳುತ್ತಿತ್ತು, ಅವಳು ಹಾಗೇ ತೇಲಬಿಡುತ್ತಿದ್ದಳು.

ನಡುಮನೆಯಲ್ಲಿ ಮಲಗಿದ್ದ ಕಲ್ಯಾಣಮ್ಮನವರು ಕೂಗಿ ಕೇಳುತ್ತಿದ್ದರು, "ಮತ್ತೆ ಸೋರ್ತಾ ಇದ್ಯೇನೇ?"

ನೀರು ಒಂದು ಕೂದಲೆಳೆಯಷ್ಟೂ ಇಳಿದಿರುತ್ತಿರಲಿಲ್ಲ.

"ಸ್ವಲ್ಪ ಅನುಮಾನ ಅತ್ತೆ," ಎನ್ನುತ್ತಿದ್ದಳು ಕೋಕಿಲಾ, ಕೈ ತೆಗೆಯದೆ. "ನೋಡ್ತಾ ಇದೀನಿ."